ಮುಖ ಅಜ್ಜಿಯದು, ಖಾತೆ ಮೊಮ್ಮಗನದು

ಗೂಗಲ್ ಕಂಪನಿ ಇವತ್ತಿಗೂ ಒಂದು ಕೆಲಸಕ್ಕೆ ಅಂಚೆಯಣ್ಣನನ್ನೇ ನಂಬಿಕೊಂಡಿದೆ. ಯೂಟ್ಯೂಬ್ ಚಾನೆಲ್ಲಿಗೆ ಜಾಹೀರಾತಿನ ದುಡ್ಡು ಬರತೊಡಗಿ ಅದು 10 ಡಾಲರ್ ಮುಟ್ಟಿತು ಅನ್ನಿ. ಆಗ ಆರಂಕಿಯ ಒಂದು ಪಿನ್ ನಂಬರನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮಾಮೂಲಿ ಟಪಾಲಿನಲ್ಲಿ ಕಳಿಸುತ್ತದೆ. ದುಡ್ಡು ಪಡೆಯುವವರು ಹೇಳಿದ ವಿಳಾಸದಲ್ಲಿ ನಿಜಕ್ಕೂ ಇದ್ದಾರೋ ಇಲ್ಲವೋ ಎಂದು ತಿಳಿಯುವ ಉಪಾಯ ಇದು. ನಾಲ್ಕು ತಿಂಗಳೊಳಗೆ ಆ ನಂಬರು ತುಂಬದಿದ್ದರೆ ಜಾಹೀರಾತು ನಿಂತುಹೋಗುತ್ತದೆ. ದೊಡ್ಡ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಲಕೋಟೆ ಯಾವ ಡಬ್ಬಿಯ ಮೂಲೆ ಸೇರುತ್ತದೋ ಹೇಳಬರುವುದಿಲ್ಲ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಹೋಬಳಿ ಊರು ಕುಪ್ಪೇಲೂರಿನಂಥ ಕಡೆ ಆ ಭಯ ಕಡಿಮೆ. ಇಲ್ಲಿ ಟಪಾಲಿನವರಿಗೆ ಮನೆ ನಂಬರು ಬೇಕಿಲ್ಲ, ಮನೆತನದ ಅಡ್ಡಹೆಸರು ಸಾಕು.

ಪ್ರಶ್ನೆ ಇರುವುದು ಲಕೋಟೆಯ ಮೇಲೆ ಬರೆದ ಹೆಸರಿನಲ್ಲಿ. ವಿಡಿಯೊದಲ್ಲಿ ರೊಟ್ಟಿ ಬಡಿದವಳು, ಸೋಬಾನ ಹಾಡಿದವಳು ಎಪ್ಪತ್ತು ದಾಟಿದ ಅಜ್ಜಿ. ಲಕೋಟೆ ಬರುವುದು ಇಪ್ಪತ್ತರ ಆಸುಪಾಸಿನ ಮೊಮ್ಮಗನ ಹೆಸರಿಗೆ. ವಯಸ್ಸಾದವರು ಮೊಬೈಲ್ ಮುಂದೆ ಬಂದು ಹೆಸರು ಮಾಡಿದರು ಎಂದು ಚಪ್ಪಾಳೆ ತಟ್ಟುವ ವರದಿಗಳು ಬೇಕಾದಷ್ಟು ಬಂದಿವೆ. ಅವರ ಪಾಲಿಗೆ ಎಷ್ಟು ಬಂತು ಎಂದು ಕೇಳುವ ವರದಿ ಅಪರೂಪ. ಆ ಲೆಕ್ಕವೇ ನನಗೆ ಮುಖ್ಯ ಎನಿಸುತ್ತದೆ.

ನಮ್ಮ ನೆರೆಹೊರೆಯನ್ನೇ ನೋಡಿ. ಆಂಧ್ರದ ಗುಂಟೂರು ಕಡೆಯ ಮಸ್ತಾನಮ್ಮ ನೂರು ದಾಟಿದ ಮೇಲೆ ಲೋಕಪ್ರಸಿದ್ಧರಾದರು. ಬಯಲಲ್ಲಿ ಒಲೆ ಹೂಡಿ, ಕಲ್ಲಂಗಡಿ ಹಣ್ಣಿನ ಒಳಗೆ ಕೋಳಿ ಬೇಯಿಸಿ ತೋರಿಸಿದ ಆಕೆಯ ‘ಕಂಟ್ರಿ ಫುಡ್ಸ್’ ಚಾನೆಲ್ ಶುರುವಾದದ್ದು 2016ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಇದನ್ನು ಬರೀ ಕಾಕತಾಳೀಯ ಎಂದು ಬಿಡುವಂತಿಲ್ಲ. 2018ರ ಡಿಸೆಂಬರಿನಲ್ಲಿ ಮಸ್ತಾನಮ್ಮ ತೀರಿಕೊಂಡರು. ಚಾನೆಲ್ ನಡೆಸುತ್ತಿದ್ದವರು ಅವರ ಮರಿಮೊಮ್ಮಗ. ತೆಲಂಗಾಣದ ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿಯ ಗಂಗವ್ವ ಕೂಲಿ ಮಾಡಿ ಬದುಕಿದವರು, ಓದು ಬರಹ ಇಲ್ಲದವರು. ‘ಮೈ ವಿಲೇಜ್ ಶೋ’ ಚಾನೆಲ್ಲಿನಲ್ಲಿ ಊರ ಹುಡುಗರ ಜೊತೆ ಮಾತಾಡುತ್ತಾಡುತ್ತ 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಗೂ ಹೋಗಿಬಂದರು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಪೆರಿಯತಂಬಿ ಮತ್ತು ಅವರ ಮೊಮ್ಮಕ್ಕಳ ‘ವಿಲೇಜ್ ಕುಕಿಂಗ್ ಚಾನೆಲ್’ 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ದಾಟಿತು. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಸುಮನ್ ಧಾಮಣೆ ‘ಆಪ್ಲಿ ಆಜಿ’ ಚಾನೆಲ್ಲಿನ ಅಜ್ಜಿ ಆದದ್ದು ಮೊಮ್ಮಗ ಪಾವ್ ಭಾಜಿ ಕೇಳಿದ ನೆಪದಲ್ಲಿ.

ಮುಂದೆ ನಿಂತವರು ಹಿರಿಯರು, ಹಿಂದೆ ನಿಂತವರು ಹುಡುಗರು. ಬಹುತೇಕ ಕಡೆ ಇದೇ ಜೋಡಿ. ಕನ್ನಡದಲ್ಲಿ ಇದಕ್ಕೆ ಒಂದು ದೊಡ್ಡ ಅಪವಾದವಿದೆ. ಟೈಗರ್ ಅಶೋಕ್ ಕುಮಾರ್, ಎಸ್.ಕೆ. ಉಮೇಶ್ ಅವರಂಥ ನಿವೃತ್ತ ಪೊಲೀಸ್ ಅಧಿಕಾರಿಗಳು ತಮ್ಮ ಕಾಲದ ಕೇಸುಗಳನ್ನು ಕಂತು ಕಂತಾಗಿ ಹೇಳುತ್ತ ಕೂತರೆ ಊಟ ಬಿಟ್ಟು ಕೇಳುವವರಿದ್ದಾರೆ. ಅವರಿಗೆ ಪೆನ್ಶನ್ ಇದೆ, ಓದು ಇದೆ, ಒಪ್ಪಂದದ ಕಾಗದ ಓದಿ ಸಹಿ ಹಾಕುವ ಅಥವಾ ಹಾಕದಿರುವ ತಾಕತ್ತು ಇದೆ. ಪೊಲೀಸ್ ಕೆಲಸ ಮಾಡಿದವರಿಗೆ ಹೇಳಿಕೆಯ ಬೆಲೆ ಬೇರೆ ಯಾರೂ ಕಲಿಸಬೇಕಿಲ್ಲ. ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಮನೆಯ ಅಜ್ಜಿಯ ಪರಿಸ್ಥಿತಿ ಅದಲ್ಲ.

ಕುಪ್ಪೇಲೂರಿನ ಒಂದು ಅಡುಗೆಮನೆ ಅಂದುಕೊಳ್ಳೋಣ. ಎಸರಿಗೆ ಇಟ್ಟ ನೀರು ಕುದಿ ಬಂದಿದೆ. ಅಜ್ಜಿ ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ ನೀರು ಸುರಿಯುತ್ತಾಳೆ. ಹಿಟ್ಟಿಗೆ ಜಿಗಿ ಬರುವುದು ಆ ಕುದಿಯಿಂದ. ಬೀಸಿ ಬಹಳ ದಿನವಾದ ಹಿಟ್ಟಾದರೆ ಜಿಗಿ ಕಡಿಮೆಯಾಗಿ ರೊಟ್ಟಿಯ ಅಂಚು ಸೀಳುತ್ತದೆ, ಅದಕ್ಕೆ ಎಸರು ಇನ್ನಷ್ಟು ಬೇಕು. ನಾದಿ, ಉಂಡಿ ಮಾಡಿ, ಒಣಹಿಟ್ಟು ಉದುರಿಸಿ ಬಡಿಯತೊಡಗಿದರೆ ಅಂಗೈಯೇ ರೊಟ್ಟಿಯನ್ನು ಸುತ್ತ ತಿರುಗಿಸುತ್ತದೆ. ಹಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರುವುದು, ಆ ನೀರು ಆರುವ ಹೊತ್ತಿಗೆ ಮಗುಚುವುದು. ಎಲ್ಲ ಒಂದು ಲಯದಲ್ಲಿ ನಡೆದಿದೆ. ಅಷ್ಟರಲ್ಲಿ ಮೊಮ್ಮಗ: “ಯಮ್ಮಾ, ತಡಿ ತಡಿ, ಫೋಕಸ್ ಹೋತು. ಇನ್ನೊಮ್ಮಿ ಬಡಿ.”

“ಬಡದ ರೊಟ್ಟೀನ ಮತ್ತೇನ್ ಬಡೀಲೋ? ಹರೀತೈತಿ. ಲಗೂನ ಮುಗಸು, ಹಿಟ್ಟ ಒಣಗಾಕತ್ತೈತಿ.”

“ನೀರ ಎಷ್ಟ ಹಾಕಿದಿ, ಅದನ್ನರೆ ಹೇಳಬೇ.”

“ಹಿಟ್ಟ ಕೇಳಿದಷ್ಟು.”

ಎಡಿಟಿಂಗಿನಲ್ಲಿ ಈ ಮಾತು ಹೋಗುತ್ತದೆ. ಅದರ ಜಾಗದಲ್ಲಿ ‘ನೀರು ಒಂದು ಕಪ್’ ಎಂಬ ಅಕ್ಷರ ಮೂಡುತ್ತದೆ, ಹಿಂದೆ ಕೊಳಲಿನ ಸಂಗೀತ. ಒಂದು ಕಪ್ ನೀರಿನಲ್ಲಿ ರೊಟ್ಟಿ ಬರಲಿಲ್ಲ ಎಂದು ಯಾರೋ ದೂರಿದರೆ ಆ ದೂರು ಅಜ್ಜಿಯ ಕೈಗುಣದ ಮೇಲೆ ಬರುತ್ತದೆ. ಮೊಮ್ಮಗನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಉದ್ದನೆಯ ವಿಡಿಯೊಗಳ ಚಾನೆಲ್ಲಿಗೆ ಜಾಹೀರಾತಿನ ದುಡ್ಡು ಬರಬೇಕಾದರೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆಯ ವೀಕ್ಷಣೆ ಆಗಬೇಕು. ಅಲ್ಲಿಯ ತನಕ ರಾತ್ರಿಯೆಲ್ಲ ಕೂತು ಕತ್ತರಿಸಿ ಜೋಡಿಸುವುದು, ಥಂಬ್‌ನೇಲ್ ಮಾಡುವುದು, ಡೇಟಾ ಪ್ಯಾಕ್ ಹಾಕಿಸುವುದು ಎಲ್ಲ ಅವನದೇ. ಆಮೇಲೆ ಜಾಹೀರಾತಿನ ವರಮಾನದಲ್ಲಿ ಉದ್ದನೆಯ ವಿಡಿಯೊಗೆ ಶೇ 55ರಷ್ಟು ಚಾನೆಲ್ಲಿಗೆ ಬರುತ್ತದೆ. ಶಾರ್ಟ್ಸ್ ಆದರೆ ಲೆಕ್ಕವೇ ಬೇರೆ, ಪಾಲು ಶೇ 45. ಬಾಕಿ 100 ಡಾಲರ್ ಮುಟ್ಟಿದ ಮೇಲೆಯೇ ಬ್ಯಾಂಕಿಗೆ ಜಮೆ. ಅವನ ದುಡಿಮೆ ದುಡಿಮೆಯಲ್ಲ ಎನ್ನಲಾಗದು.

ಆದರೂ ಪಾಲಿನ ಮಾತು ಇದ್ದೇ ಇದೆ. ಈ ಸೀಮೆಯಲ್ಲಿ ಹೊಲವನ್ನು ಕೋರಿಗೆ ಹಚ್ಚುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಹೊಲ ಒಬ್ಬರದು, ಬೇಸಾಯ ಇನ್ನೊಬ್ಬರದು, ಫಸಲಿನಲ್ಲಿ ಇಬ್ಬರಿಗೂ ಪಾಲು. ಬೀಜ ಯಾರು ಹಾಕಬೇಕು, ಗೊಬ್ಬರ ಯಾರದು, ಮೇವು ಯಾರಿಗೆ ಎಂಬುದು ಬಿತ್ತುವ ಮೊದಲೇ ಮಾತಾಗಿರುತ್ತದೆ, ಮಾತು ತಪ್ಪಿದರೆ ಕಟ್ಟೆಯ ಮೇಲೆ ನ್ಯಾಯ ಕೂರುತ್ತದೆ. ಅಜ್ಜಿಯ ಐವತ್ತು ವರ್ಷದ ಕೈಕೆಲಸವೂ ಹೊಲವೇ. ಅದರ ಕೋರಿನ ಮಾತು ಮಾತ್ರ ಮನೆಯಲ್ಲಿ ಆಗುವುದಿಲ್ಲ. “ನಮ್ಮಜ್ಜೀನ ಐತಿ, ಆಕಿಗ್ಯಾಕ ರೊಕ್ಕ” ಎಂಬ ಮಾತಿನಲ್ಲಿ ಪ್ರೀತಿ ಎಷ್ಟಿದೆಯೋ ಲೆಕ್ಕ ತಪ್ಪಿಸುವ ಜಾಣತನವೂ ಅಷ್ಟೇ ಇದೆ.

ಖಾತೆ ಅಜ್ಜಿಯ ಹೆಸರಿಗೆ ಮಾಡದಿರಲು ಬೇರೆ ಕಾರಣಗಳೂ ಇವೆ, ಅವು ಪೊಳ್ಳಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಕೆಗೆ ತಿಂಗಳಿಗೆ ₹1,200 ಬರುತ್ತಿರಬಹುದು. ಆ ಪಿಂಚಣಿಗೆ ಆದಾಯದ ಮಿತಿ ಇದೆ, ಬಿಪಿಎಲ್ ಕಾರ್ಡಿಗೂ ಇದೆ. ಪರದೇಶದ ಕಂಪನಿಯಿಂದ ಒಮ್ಮೆ ಹತ್ತು ಸಾವಿರ ಜಮೆಯಾಗಿ, ಆಮೇಲೆ ಆರು ತಿಂಗಳು ಏನೂ ಬರದಿದ್ದರೆ? ಬಂದದ್ದು ಖರ್ಚಾಗಿರುತ್ತದೆ, ನಿಂತ ಪಿಂಚಣಿ ಮತ್ತೆ ಹಚ್ಚಿಸಲು ನಾಡಕಚೇರಿಗೆ ಅಲೆಯಬೇಕು. ತಿಂಗಳಿಗೊಮ್ಮೆ ತಪ್ಪದೆ ಬರುವ ಸಣ್ಣ ದುಡ್ಡಿಗಾಗಿ, ಬಂದರೆ ಬಂತು ಎನ್ನುವ ದೊಡ್ಡ ದುಡ್ಡನ್ನು ಹುಡುಗನ ಹೆಸರಿಗೆ ಬಿಡುವುದು ಬಡವರ ಮನೆಯ ಲೆಕ್ಕಾಚಾರ. ಜೊತೆಗೆ ತೆರಿಗೆಯ ಫಾರಂ. ಅಮೆರಿಕದ ತೆರಿಗೆ ಮಾಹಿತಿ ತುಂಬದಿದ್ದರೆ ಒಟ್ಟು ಗಳಿಕೆಯಲ್ಲಿ ಶೇ 24ರ ತನಕ ಹಿಡಿದುಕೊಳ್ಳಬಹುದು. ತುಂಬಿದರೆ, ಭಾರತದೊಂದಿಗಿನ ಒಪ್ಪಂದದ ಪ್ರಕಾರ, ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ ಶೇ 15. ಆ ಫಾರಂ ತುಂಬಲು ಪ್ಯಾನ್ ಬೇಕು. ರೊಟ್ಟಿ ಬಡಿದು, ಕಳೆ ಕಿತ್ತು ಸವೆದ ಬೆರಳು ರೇಷನ್ ಅಂಗಡಿಯ ಯಂತ್ರದಲ್ಲೇ ಮೂಡುವುದಿಲ್ಲ ಎಂಬ ಮನೆಯಲ್ಲಿ ಇನ್ನೊಂದು ಕಾರ್ಡಿನ ಉಸಾಬರಿ ಯಾರಿಗೆ ಬೇಕು?

ಹೆಸರು ಬಿಟ್ಟುಹೋಗುವ ಈ ಚಾಳಿ ಮೊಬೈಲಿನಿಂದ ಬಂದದ್ದಲ್ಲ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಸಿ 1930ರ ದಶಕದಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡದ ದೊಡ್ಡ ಪುಸ್ತಕಗಳಲ್ಲೊಂದು. ಅವರು ಬರೆದಿಡದಿದ್ದರೆ ಆ ತ್ರಿಪದಿಗಳು ಬೀಸುಕಲ್ಲಿನ ಜೊತೆಗೇ ಮೂಲೆ ಸೇರುತ್ತಿದ್ದವು. ಆದರೂ ನಮಗೆ ನೆನಪಿರುವುದು ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ. ಹಾಡಿದ ಗರತಿ ಬರೀ ‘ಗರತಿ’ಯಾಗಿ ಉಳಿದಳು. ಆಮೇಲಾಮೇಲೆ ಇದು ಸ್ವಲ್ಪ ತಿದ್ದಿಕೊಂಡಿತು. ಅಂಕೋಲಾದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ತಮ್ಮ ಹೆಸರಿನಿಂದಲೇ ನಾಡಿಗೆ ಗೊತ್ತಾದರು, 2017ರಲ್ಲಿ ಪದ್ಮಶ್ರೀ ಬಂತು. ಸಂಗ್ರಾಹಕರ ನೋಟುಬುಕ್ಕಿಗೆ ಹೋಲಿಸಿದರೆ ಮೊಬೈಲು ಮುಖವನ್ನಾದರೂ ತೋರಿಸುತ್ತದೆ. ಚಾನೆಲ್ಲಿನ ಹೆಸರು ‘ಹಳ್ಳಿ ಅಜ್ಜಿ’, ‘ನಮ್ಮಜ್ಜಿ ಕೈರುಚಿ’ ಎಂದೇನಾದರೂ ಇದ್ದರೆ ಮತ್ತೆ ಆಕೆ ಯಾವುದೋ ಒಂದು ಅಜ್ಜಿ, ಅಷ್ಟೇ.

ನನ್ನದೊಂದು ಸಣ್ಣ ತಕರಾರು: ಹಿರಿಯರೆಂದರೆ ಅಡುಗೆ ಎಂದು ಯಾರು ಹೇಳಿದರು? ಹಾವೇರಿ ಜಿಲ್ಲೆಯಲ್ಲಿ ದೀಪಾವಳಿ ಬಂತೆಂದರೆ ಹೋರಿ ಹಬ್ಬದ ವಿಡಿಯೊಗಳದೇ ಸುಗ್ಗಿ. ಕೊಬ್ಬರಿ ಸರ ಕಟ್ಟಿಕೊಂಡು, ಬಲೂನು ಸಿಗಿಸಿಕೊಂಡು ಅಖಾಡದಲ್ಲಿ ಓಡುವ ಹೋರಿಗೆ ಸಿನಿಮಾ ನಟರಂತೆ ಅಭಿಮಾನಿಗಳು. ಕ್ಯಾಮೆರಾ ಹಿಡಿದವರೂ ಹುಡುಗರೇ, ಕ್ಯಾಮೆರಾದಲ್ಲಿ ಕಾಣುವವರೂ ಹುಡುಗರೇ. ಕರುವಿದ್ದಾಗಲೇ ಸುಳಿ ನೋಡಿ, ನಡೆ ನೋಡಿ ಇದು ಓಡುವ ಜೀವ ಎಂದು ಹೇಳಬಲ್ಲ ಮುದುಕ ಕಟ್ಟೆಯ ಮೇಲೆ ಕೂತು ನೋಡುತ್ತಿರುತ್ತಾನೆ. ಅವನ ಮುಂದೆ ಮೈಕು ಹಿಡಿದವರು ಎಷ್ಟು ಜನ? ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಸೀಮೆ. ಸಂಜೆ ಮೊಗ್ಗಿನ ಗಂಡುಭಾಗ ಬಿಡಿಸಿ, ಬೆಳಿಗ್ಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದಲ್ಲಿ ಹತ್ತಾರು ಹಂಗಾಮು ಕಳೆದ ಹೆಣ್ಣುಮಕ್ಕಳು ಈಗ ಅಜ್ಜಿಯರಾಗಿದ್ದಾರೆ. ಹೂವು ನೋಡಿದ ಕೂಡಲೇ ಇದು ಕಟ್ಟುತ್ತದೋ ಇಲ್ಲವೋ ಎಂದು ಅವರಿಗೆ ಗೊತ್ತಾಗುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಇದು ಡಬ್ಬಿ ತಳಿ, ಇದು ಕಡ್ಡಿ ಎಂದು ಮುಟ್ಟಿಯೇ ಹೇಳುವವರಿದ್ದಾರೆ. 2011ರಲ್ಲಿ ಭೌಗೋಳಿಕ ಸೂಚಿಕೆ ಬ್ಯಾಡಗಿ ಮೆಣಸಿನಕಾಯಿಗೆ ಬಂತು, ಆ ಬೆರಳುಗಳ ಸುದ್ದಿಗೆ ಯಾರೂ ಹೋಗಲಿಲ್ಲ. ಅಡುಗೆಯ ವಿಡಿಯೊ ಬೇಗ ಓಡುತ್ತದೆ ನಿಜ. ಬೇರೆಯದು ಓಡುವುದಿಲ್ಲ ಎಂದು ಪರೀಕ್ಷೆ ಮಾಡಿ ನೋಡಿದವರು ಮಾತ್ರ ಕಡಿಮೆ.

ಇನ್ನು ಮುಖವೇ ಕಾಣದ ಡಿಜಿಟಲ್ ದುಡಿಮೆಯ ಮಾತು. ಯಂತ್ರಗಳಿಗೆ ಕನ್ನಡ ಕೇಳಿಸಿಕೊಳ್ಳುವುದನ್ನು ಕಲಿಸಲು ಸಾವಿರಾರು ಗಂಟೆಯ ಮಾತು ಬೇಕು. ಆ ಮಾತನ್ನು ದುಡ್ಡು ಕೊಟ್ಟು ಕೊಳ್ಳುವವರು ಹುಟ್ಟಿಕೊಂಡಿದ್ದಾರೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಗೆ ಮೊಬೈಲಿನ ಮೇಲೆ ಕನ್ನಡ ವಾಕ್ಯ ತೋರಿಸಿ ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೊಡುತ್ತಿರುವುದನ್ನು 2023ರಲ್ಲಿ ‘ಟೈಮ್’ ಪತ್ರಿಕೆ ಬರೆದಿತ್ತು. ನಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ ₹400. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ ₹316 ಇತ್ತು. ಬಿಸಿಲಲ್ಲಿ ಬದು ಹಾಕುವ ಇಡೀ ದಿನದ ಕೂಲಿಗಿಂತ ನೆರಳಲ್ಲಿ ಕೂತು ಓದಿದ ಒಂದು ಗಂಟೆಗೆ ಹೆಚ್ಚು! ಹೆಚ್ಚು ಜನರಿಗೆ ಅವಕಾಶ ಸಿಗಲೆಂದು ಒಬ್ಬರು ಒಟ್ಟು ಗಳಿಸುವುದಕ್ಕೆ ಮಿತಿ ಇಟ್ಟಿದ್ದಾರೆ, ಹಾಗಾಗಿ ಇದು ಕಾಯಂ ಕೆಲಸವಲ್ಲ. ಅದೇ ಧ್ವನಿಯನ್ನು ಮತ್ತೊಬ್ಬರಿಗೆ ಮಾರಿದಾಗ ಮಾತಾಡಿದವರಿಗೂ ಪಾಲು ಕೊಡುವ ಏರ್ಪಾಡು ಆ ಸಂಸ್ಥೆಯಲ್ಲಿದೆ. ಮೇಲೆ ಹೇಳಿದ ಕೋರಿನ ಮಾತು ಇಲ್ಲಿ ಬಿತ್ತುವ ಮೊದಲೇ ಆಗಿದೆ.

ತೊಡಕು ಒಂದೇ. ಈ ಕೆಲಸ ಮಾಡಲು ಓದಲು ಬರಬೇಕು. ಯಂತ್ರಕ್ಕೆ ಅತ್ಯಂತ ಕಡಿಮೆ ಕೇಳಿಸಿರುವ ಕನ್ನಡ ಯಾವುದು? ಶಾಲೆಗೆ ಹೋಗದ, ಪೇಪರು ಓದದ, ಟಿವಿಯ ಮಾತು ನಾಲಗೆಗೆ ಅಂಟದ ಹಳೆ ತಲೆಯವರ ಕನ್ನಡ. ‘ಬರಾಕತ್ತಾರ’, ‘ಹೊಂಟೇನಿ’, ‘ಒಲ್ಲೆನ್ನು’ ಎಂಬುದನ್ನು ಸಲೀಸಾಗಿ ಆಡುವ ಬಾಯಿ ಅವರದು. ಪರದೆಯ ಮೇಲೆ ಗ್ರಂಥಸ್ಥ ವಾಕ್ಯ ತೋರಿಸಿ ಓದಿರಿ ಎಂದರೆ ಅವರು ಬಾಗಿಲಲ್ಲೇ ಹೊರಗೆ. ಅಕ್ಷರ ಬಲ್ಲ ಮೊಮ್ಮಗಳು ಓದುತ್ತಾಳೆ, ಪುಸ್ತಕದ ದನಿಯಲ್ಲಿ. ಯಂತ್ರ ಮತ್ತೆ ಪುಸ್ತಕದ ಕನ್ನಡವನ್ನೇ ಕಲಿಯುತ್ತದೆ.

ಇದಕ್ಕೆ ದಾರಿ ಹುಡುಕಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆಯಲ್ಲಿ ವಾಕ್ಯದ ಬದಲು ಚಿತ್ರ ತೋರಿಸುತ್ತಾರೆ. ಚಿತ್ರದಲ್ಲಿ ಸಂತೆ ಇದ್ದರೆ ಸಂತೆಯ ಬಗ್ಗೆ, ಎತ್ತು ಇದ್ದರೆ ಎತ್ತಿನ ಬಗ್ಗೆ ತಮ್ಮ ಮಾತಿನಲ್ಲಿ ಹೇಳಿದರಾಯಿತು. ದೇಶದ ಎಲ್ಲ ಜಿಲ್ಲೆಗಳಿಂದ ಒಟ್ಟು ಒಂದೂವರೆ ಲಕ್ಷ ಗಂಟೆಗೂ ಮಿಕ್ಕಿ ಮಾತು ಕೂಡಿಸುವುದು ಅವರ ಗುರಿ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2024ರಲ್ಲಿ ಹೊರತಂದ ‘ಇಂಡಿಕ್‌ವಾಯ್ಸಸ್’ ಸಂಗ್ರಹದಲ್ಲಿ 22 ಭಾಷೆಗಳ 16,237 ಜನರ 7,348 ಗಂಟೆಯ ಧ್ವನಿ ಇದೆ. ಅದರಲ್ಲಿ ಓದಿ ಹೇಳಿದ್ದು ಶೇ 9 ಮಾತ್ರ, ಉಳಿದದ್ದು ಬಾಯಿಗೆ ಬಂದಂತೆ ಆಡಿದ್ದು, ಹರಟಿದ್ದು. ಹರಟೆಗೆ ಕೂಲಿ ಸಿಗುವ ಕಾಲ ಬಂತೆಂದರೆ ನಮ್ಮ ಕಟ್ಟೆಗಳ ಮೇಲೆ ಸಾಹುಕಾರರು ಎಷ್ಟು ಜನ! ಇಂಥ ಕೆಲಸ ಕುಪ್ಪೇಲೂರಿಗೂ ಬರಲಿ, ಬರುವಾಗ ಅರವತ್ತು ದಾಟಿದವರ ಧ್ವನಿ ಇಷ್ಟು ಗಂಟೆ ಇರಲೇಬೇಕು ಎಂಬ ಷರತ್ತಿನೊಂದಿಗೆ ಬರಲಿ. ಕೂಲಿ ನೇರ ಅವರ ಖಾತೆಗೆ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕವಾದರೆ ಮನೆಬಾಗಿಲಿಗೇ, ಬರುವಂತಿರಲಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಇಂಥ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಬಾಗಿಲು ಈ ಜಿಲ್ಲೆಗೆ ಇನ್ನೊಂದಿಲ್ಲ.

ಮನೆಯಲ್ಲಿ ಕೂತು ದುಡಿಯಿರಿ ಎಂದು ಬರುವ ಎಲ್ಲ ಮೆಸೇಜೂ ಇಂಥದ್ದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ವಿಡಿಯೊಗೆ ಲೈಕ್ ಒತ್ತಿದರೆ ಐವತ್ತು ರೂಪಾಯಿ ಎಂದು ಶುರುಮಾಡಿ, ಮೊದಲೆರಡು ಸಲ ನಿಜಕ್ಕೂ ಕೊಟ್ಟು, ಆಮೇಲೆ ದೊಡ್ಡ ‘ಟಾಸ್ಕ್’ಗೆ ಮುಂಗಡ ಕಟ್ಟಿ ಎನ್ನುವವರು ಕಳ್ಳರು. ಕೆಲಸ ಕೊಡುವವರು ಕೆಲಸಗಾರರ ಹತ್ತಿರ ದುಡ್ಡು ಕೇಳುವುದಿಲ್ಲ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕೊನೆಗೆ ಉಳಿಯುವುದು ಮನೆಯವರು ಬಾಯಿಬಿಟ್ಟು ಆಡಲು ಹಿಂಜರಿಯುವ ವಿಷಯ. ತೆಲಂಗಾಣದ ‘ಗ್ರ್ಯಾಂಡ್‌ಪಾ ಕಿಚನ್’ ಚಾನೆಲ್ಲಿನ ನಾರಾಯಣ ರೆಡ್ಡಿ 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ ಅನಾಥ ಮಕ್ಕಳಿಗೆ ಬಡಿಸುತ್ತಿದ್ದ ಅವರ ವಿಡಿಯೊಗಳು ಈಗಲೂ ಇವೆ, ಜನ ಈಗಲೂ ನೋಡುತ್ತಾರೆ. ಹೊಲಕ್ಕೆ ಪಹಣಿ ಇದೆ, ವಾರಸಾ ಇದೆ, ಬ್ಯಾಂಕಿನ ಖಾತೆಗೆ ನಾಮಿನಿ ಇದ್ದಾರೆ. ಸತ್ತವರ ನಗು, ಮಾತು, ಕೈಚಳಕ ಗಳಿಸುತ್ತಲೇ ಇದ್ದರೆ ಅದು ಐದು ಮಕ್ಕಳಲ್ಲಿ ಯಾರಿಗೆ? ತನ್ನ ಖಾತೆ ಬಹುಕಾಲ ಸುಮ್ಮನಾದರೆ ಯಾರಿಗೆ ತಿಳಿಸಬೇಕು, ಏನನ್ನು ಒಪ್ಪಿಸಬೇಕು ಎಂದು ಮೊದಲೇ ಬರೆದಿಡುವ ಅನುಕೂಲವನ್ನು ಗೂಗಲ್ ಕೊಟ್ಟಿದೆ. ಆದರೆ ಅದು ಖಾತೆದಾರರಿಗೆ. ಖಾತೆ ಮೊಮ್ಮಗನದಾದರೆ ಅಜ್ಜಿ ಅಲ್ಲಿ ಬರೆದಿಡುವುದೇನೂ ಇಲ್ಲ, ಆಕೆಯ ಉಳಿದ ಮಕ್ಕಳು ಕೇಳುವುದಕ್ಕೂ ದಾರಿಯಿಲ್ಲ.

ಹಾಗೆಂದು ಕಾನೂನು ಆಕೆಯನ್ನು ಪೂರ್ತಿ ಮರೆತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ಕುಣಿಯುವವರಿಗೆ, ಪ್ರದರ್ಶನ ಕೊಡುವ ಯಾರಿಗೇ ಆಗಲಿ ‘ಪ್ರದರ್ಶಕರ ಹಕ್ಕು’ ಎಂಬುದೊಂದಿದೆ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಸೋಬಾನದ ಪದ ಯಾರೂ ಬರೆದದ್ದಲ್ಲ, ಎಲ್ಲರದು. ಆದರೆ ಈ ಅಜ್ಜಿ ಈ ದಿನ ಹಾಡಿದ ಹಾಡಿಕೆ ಈ ಅಜ್ಜಿಯದು. ಅದನ್ನು ಚಿತ್ರಿಸಿ ಹಂಚಲು ಆಕೆಯ ಒಪ್ಪಿಗೆ ಬೇಕು. ಒಂದು ಹಾಳೆಯ ಮೇಲೆ ಇಂತಿಷ್ಟು ಪಾಲು ಎಂದು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಮಗ ಸೊಸೆಯಂದಿರ ಮುಂದೆ ಇಟ್ಟರೆ ಕೋರಿನ ಮಾತು ಮುಗಿಯಿತು. ಪ್ರದರ್ಶನ ನಡೆದ ವರ್ಷದ ಮುಂದಿನ ಜನವರಿಯಿಂದ ಎಣಿಸಿ ಐವತ್ತು ವರ್ಷ ಆ ಹಕ್ಕು ಇರುತ್ತದೆ. 2025ರಲ್ಲಿ ಹಾಡಿದ್ದಕ್ಕೆ 2075ರ ಡಿಸೆಂಬರ್ 31ರ ತನಕ. ಮೊಬೈಲ್ ಹಿಡಿದಿದ್ದ ಹುಡುಗನಿಗೆ ಆ ಹೊತ್ತಿಗೆ ಸುಮಾರು ಎಪ್ಪತ್ತು ಆಗಿರುತ್ತದೆ.